ಫ್ಲಾಶ್ ಮೇಲೆ 133 ಅಂತ ಇದೆ, ಸಿಪಿಯು 600, ಆದ್ರೂ ಕೋಡ್ ಯಾಕೆ ತೆವಳತ್ತೆ?

ಪ್ರಶ್ನೆ: ಸರ್, ನಾನು ಮೋಟಾರ್ ಕಂಟ್ರೋಲ್ ಫರ್ಮ್‌ವೇರ್ ಬರೆಯೋನು. ಎಸ್‌ಟಿಎಂ32ಎಫ್407ನಲ್ಲಿ 168 ಮೆಗಾಹರ್ಟ್ಸ್‌ಗೆ ಓಡ್ತಿದ್ದ ಕೋಡನ್ನ ಈಗ ಐ.ಎಂಎಕ್ಸ್ ಆರ್‌ಟಿ1060ಗೆ ತಂದಿದೀನಿ. ಇದು 600 ಮೆಗಾಹರ್ಟ್ಸ್, ಒಳಗೆ ಫ್ಲಾಶ್ ಇಲ್ಲ, ಹೊರಗೆ 16 ಎಂಬಿ ಕ್ವಾಡ್ ಎಸ್‌ಪಿಐ (ನಾಲ್ಕು ಡೇಟಾ ವೈರ್‌ನ) ಫ್ಲಾಶ್ ಇಟ್ಟು ಅಲ್ಲಿಂದಾನೇ ನೇರವಾಗಿ ಕೋಡ್ ಓಡಿಸ್ತಿದೀನಿ. ಹಳೇ ಚಿಪ್‌ನಲ್ಲಿ ಕರೆಂಟ್ ಲೂಪ್ ಇಂಟರಪ್ಟ್ (ಬೇರೆ ಕೆಲಸ ನಿಲ್ಸಿ ಮೋಟಾರ್ ಕರೆಂಟ್ ಸರಿ ಮಾಡೋ ಕೋಡ್) ಯಾವಾಗ ನೋಡಿದ್ರೂ 6 ಮೈಕ್ರೋಸೆಕೆಂಡ್ ಆಸುಪಾಸು ಇರ್ತಿತ್ತು. ಹೊಸದ್ರಲ್ಲಿ ಸಾಮಾನ್ಯವಾಗಿ 2, ಆದ್ರೆ ಆಗಾಗ ಇದ್ದಕ್ಕಿದ್ದಂಗೆ 11ಕ್ಕೆ ಹಾರತ್ತೆ. ಫ್ಲಾಶ್ ಡೇಟಾಶೀಟ್‌ನಲ್ಲಿ 133 ಮೆಗಾಹರ್ಟ್ಸ್ ಅಂತ ಇದೆ, ಆದ್ರೆ 133ಕ್ಕೆ ಇಟ್ರೆ ಬೂಟ್ ಆಗಿ ಸ್ವಲ್ಪ ಹೊತ್ತಿಗೆ ಹಾರ್ಡ್ ಫಾಲ್ಟ್ ಆಗಿ ಕೋಡ್ ನಿಂತೇ ಹೋಗತ್ತೆ, 60ಕ್ಕೆ ಇಳಿಸಿದ್ರೆ ಏನೂ ತೊಂದರೆ ಇಲ್ಲ. ಒಬ್ಬ ಸಹೋದ್ಯೋಗಿ ವೇಟ್ ಸ್ಟೇಟ್ (ಮೆಮೊರಿಗೋಸ್ಕರ ಸಿಪಿಯು ಕಾಯೋ ಸೈಕಲ್) ಸೊನ್ನೆ ಮಾಡು ಅಂತಾನೆ, ಇನ್ನೊಬ್ಬ ಕ್ಯಾಶ್ (ಈಚೆಗೆ ಓದಿದ್ದನ್ನ ಸಿಪಿಯು ಹತ್ರಾನೇ ಇಡೋ ಪುಟ್ಟ ವೇಗದ ಮೆಮೊರಿ) ಆಫ್ ಮಾಡು, ಜಿಟ್ಟರ್, ಅಂದ್ರೆ ಟೈಮ್‌ನ ಏರುಪೇರು, ಹೋಗತ್ತೆ ಅಂತಾನೆ, ಮೂರನೆಯವನು ಎಂಟು ಡೇಟಾ ವೈರ್‌ನ ಆಕ್ಟಲ್ ಫ್ಲಾಶ್ ಹಾಕು ಅಂತಾನೆ. ಕೋಡನ್ನ ರ‍್ಯಾಮ್‌ಗೆ ಕಾಪಿ ಮಾಡಿ ಓಡಿಸೋಣ ಅಂದ್ರೆ ನಮ್ಮ ಮ್ಯಾನೇಜರ್‌ಗೆ ಅದು ತೇಪೆ ಹಚ್ಚೋ ಕೆಲಸ. ಮುಂದೆ ಫಾಲ್ಟ್ ಲಾಗ್ ಕೂಡ ಇದೇ ಫ್ಲಾಶ್‌ಗೆ ಬರೀಬೇಕು. ಇನ್ನೊಂದು, ಇಷ್ಟೆಲ್ಲಾ ಒದ್ದಾಡೋ ಬದಲು ಪಿಸಿ ರ‍್ಯಾಮ್ ಬಳಸೋ ಡಿಡಿಆರ್ ಇಂಟರ್‌ಫೇಸ್‌ಗೇ ಫ್ಲಾಶ್ ಜೋಡಿಸೋಕೆ ಆಗಲ್ವಾ?

ಉತ್ತರ: ನಿಮ್ಮ ಪ್ರಶ್ನೆಲಿ ಎರಡು ಬೇರೆ ಬೇರೆ ಕಾಯಿಲೆ ಸೇರ್ಕೊಂಡಿದೆ. 11 ಮೈಕ್ರೋಸೆಕೆಂಡ್‌ಗೆ ಹಾರೋದು ಒಂದು, 133ರಲ್ಲಿ ಹಾರ್ಡ್ ಫಾಲ್ಟ್ ಆಗೋದು ಇನ್ನೊಂದು. ಎರಡಕ್ಕೂ ಫ್ಲಾಶೇ ಕಾರಣ ಅನ್ಸತ್ತೆ, ಆದ್ರೆ ಎರಡನೇದ್ರಲ್ಲಿ ಪಾಪ ಫ್ಲಾಶ್‌ದು ಏನೂ ತಪ್ಪಿಲ್ಲ ಅಂತ ನನ್ನ ಅಂದಾಜು. ಎರಡನ್ನೂ ಒಟ್ಟಿಗೆ ಬಗೆಹರಿಸೋಕೆ ಹೋದ್ರೆ ತಲೆ ಕೆಡತ್ತೆ, ಅದಕ್ಕೆ ಬಿಡಿಬಿಡಿಯಾಗಿ ನೋಡೋಣ.

ಮೊದಲು ಫ್ಲಾಶ್ ಯಾಕೆ ನಿಧಾನ ಅನ್ನೋದು ತಲೇಲಿ ಇರಲಿ, ಇಲ್ಲಾಂದ್ರೆ ಯಾವ ಸಲಹೆ ಸರಿ ಯಾವುದು ತಪ್ಪು ಅಂತ ಗೊತ್ತಾಗಲ್ಲ. ತೋಷಿಬಾದಲ್ಲಿ ಫುಜಿಯೊ ಮಸುವೊಕ 1984ರಲ್ಲಿ ಇದನ್ನ ಜಗತ್ತಿನ ಮುಂದೆ ಇಟ್ಟಾಗಿಂದ ಇವತ್ತಿನವರೆಗೂ ಮೂಲ ಐಡಿಯಾ ಅದೇ: ಟ್ರಾನ್ಸಿಸ್ಟರ್ ಮಧ್ಯೆ ಇನ್ಸುಲೇಟರ್ ಒಳಗೆ ಎಲೆಕ್ಟ್ರಾನ್ ಸಿಕ್ಕಿಹಾಕಿಸಿ ಇಡೋದು, ಓದೋವಾಗ ಆ ಟ್ರಾನ್ಸಿಸ್ಟರ್ ಎಷ್ಟು ಕರೆಂಟ್ ಬಿಡತ್ತೆ ಅಂತ ನೋಡಿ 0 ಅಥವಾ 1 ಅಂತ ತೀರ್ಮಾನ ಮಾಡೋದು. ಆ ಕರೆಂಟ್ ತುಂಬಾ ಚಿಕ್ಕದು, ಅದು ಉದ್ದನೇ ಬಿಟ್‌ಲೈನ್‌ನ ಕೆಪಾಸಿಟೆನ್ಸ್ ಎಳೀಬೇಕು, ಕೊನೇಲಿ ಕೂತಿರೋ ಸೆನ್ಸ್ ಆಂಪ್ಲಿಫೈಯರ್‌ಗೆ ಅನುಮಾನ ಇಲ್ಲದಂಗೆ ವ್ಯತ್ಯಾಸ ಕಾಣೋವರೆಗೆ ಕಾಯಬೇಕು. ಅದರ ಮೇಲೆ ಅಳಿಸೋಕೆ ಬರೆಯೋಕೆ ದೊಡ್ಡ ವೋಲ್ಟೇಜ್ ಬೇಕಾಗಿರೋದ್ರಿಂದ ಸುತ್ತ ಇರೋ ಕೆಲವು ಟ್ರಾನ್ಸಿಸ್ಟರ್‌ಗಳು ದಪ್ಪ ಆಕ್ಸೈಡ್‌ನವು, ಅವು ಸ್ವಭಾವತಃ ಮಂದ. ಹಾಗಾಗಿ ಕೋಡ್ ನೇರವಾಗಿ ಓಡಿಸೋಕೆ ಬಳಸೋ ನಾರ್ ಫ್ಲಾಶ್‌ನಲ್ಲಿ ಒಂದು ಹೊಸ ಜಾಗಕ್ಕೆ ಹೋಗಿ ಓದೋಕೆ ಹತ್ತಾರು ನ್ಯಾನೋಸೆಕೆಂಡ್ ಬೇಕೇ ಬೇಕು. ನ್ಯಾಂಡ್ ಅನ್ನೋ ಇನ್ನೊಂದು ಬಗೆಯ ಫ್ಲಾಶ್‌ನಲ್ಲಂತೂ ಸೆಲ್‌ಗಳು ಸಾಲಾಗಿ ಪೋಣಿಸಿರತ್ತೆ, ಕರೆಂಟ್ ಇನ್ನೂ ಚಿಕ್ಕದು, ಒಂದು ಪೇಜ್ ಒಳಗಿನ ಬಫರ್‌ಗೆ ಬರೋಕೇ ಹತ್ತಾರು ಮೈಕ್ರೋಸೆಕೆಂಡ್. ಸಿಪಿಯು ಲಾಜಿಕ್ ವರ್ಷ ವರ್ಷ ಚುರುಕಾಯ್ತು, ಈ ಸೆಲ್ ಮಾತ್ರ ಅಷ್ಟೇನೂ ಬದಲಾಗಲಿಲ್ಲ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು ಅಂತಾರಲ್ಲ, ಆ ಥರ ಇವೆರಡರ ಜೋಡಿ.

ಇಂಥ ನಿಧಾನದ ಮೆಮೊರಿಯನ್ನ ವೇಗದ ಬಸ್‌ಗೆ ಹೊಂದಿಸೋಕೆ ಇರೋ ದಾರಿ ಮೂರೇ ಮೂರು, ಕಾಯೋದು, ಒಂದು ಸಲ ಹೋದಾಗ ಜಾಸ್ತಿ ಹೊತ್ಕೊಂಡು ಬರೋದು, ಬೇಕಾಗೋ ಮುಂಚೇನೇ ತಂದಿಟ್ಕೊಳ್ಳೋದು. ವೇಟ್ ಸ್ಟೇಟ್, ಪ್ರಿಫೆಚ್, ಕ್ಯಾಶ್, ಬರ್ಸ್ಟ್, ಶ್ಯಾಡೋ ಅಂತ ಎಷ್ಟೇ ಹೆಸರು ಇದ್ರೂ ಎಲ್ಲಾ ಈ ಮೂರರೊಳಗೇ ಬರತ್ತೆ.

ನಿಮ್ಮ ಹಳೇ ಎಫ್407 ಈ ಮೂರನ್ನೂ ನಿಮಗೆ ಗೊತ್ತಾಗದ ಹಾಗೆ ಮಾಡ್ತಿತ್ತು. ಅದರ ಒಳಗಿನ ಫ್ಲಾಶ್ 3.3 ವೋಲ್ಟ್‌ನಲ್ಲಿ 30 ಮೆಗಾಹರ್ಟ್ಸ್‌ವರೆಗೆ ಮಾತ್ರ ಕಾಯಿಸದೆ ಉತ್ತರ ಕೊಡತ್ತೆ, ಆಮೇಲೆ ಪ್ರತಿ 30ಕ್ಕೆ ಒಂದು ವೇಟ್ ಸ್ಟೇಟ್ ಸೇರಿಸ್ತಾ ಹೋಗಬೇಕು, 168ಕ್ಕೆ ಐದು. ಅಂದ್ರೆ ಒಂದು ಓದಿಗೆ ಆರು ಸೈಕಲ್, ಸುಮಾರು 36 ನ್ಯಾನೋಸೆಕೆಂಡ್. ಆದ್ರೆ ಆ ಒಂದು ಓದಿಗೆ 128 ಬಿಟ್ ಒಟ್ಟಿಗೆ ಬರತ್ತೆ, 16 ಬಿಟ್‌ನ ಥಂಬ್ ಇನ್‌ಸ್ಟ್ರಕ್ಷನ್ ಆದ್ರೆ ಎಂಟು. ಸಿಪಿಯು ಈ ಎಂಟನ್ನ ಮುಗಿಸೋದ್ರೊಳಗೆ ಪ್ರಿಫೆಚ್ ಮುಂದಿನ 128 ಬಿಟ್ ತಂದಿರತ್ತೆ, ಬ್ರಾಂಚ್ ಆಗಿ ದಾರಿ ತಪ್ಪಿದ್ರೆ 64 ಲೈನ್‌ನ ಪುಟ್ಟ ಕ್ಯಾಶ್ ಕೈ ಹಿಡಿಯತ್ತೆ. ಅದೂ ತಪ್ಪಿದ್ರೆ ದಂಡ 36 ನ್ಯಾನೋಸೆಕೆಂಡ್ ಅಷ್ಟೇ. ಆ ಮಟ್ಟದ ಏರುಪೇರು 6 ಮೈಕ್ರೋಸೆಕೆಂಡ್‌ನಲ್ಲಿ ಕಣ್ಣಿಗೇ ಕಾಣಲ್ಲ, ನಿಮ್ಮ ಲೂಪ್ ಅಷ್ಟು ಸ್ಥಿರವಾಗಿ ಕಂಡಿದ್ದು ಅದಕ್ಕೆ.

ಈಗ ಹೊಸ ಬೋರ್ಡ್. ಫ್ಲಾಶ್ ಪಾರ್ಟ್ ನಂಬರ್ ನೀವು ಬರೆದಿಲ್ಲ, ಸಾಮಾನ್ಯವಾಗಿ ಸಿಗೋ ಡಬ್ಲ್ಯೂ25ಕ್ಯೂ128ಜೆವಿ ಥರದ್ದು ಅಂತ ಇಟ್ಕೊಂಡು ಲೆಕ್ಕ ಹಾಕ್ತೀನಿ, ನಿಮ್ಮದು ಬೇರೆ ಇದ್ರೂ ಲೆಕ್ಕದ ದಾರಿ ಇದೇ. ಸಿಪಿಯುಗೆ ಬೇಕಾದ ಇನ್‌ಸ್ಟ್ರಕ್ಷನ್ ಕ್ಯಾಶ್‌ನಲ್ಲಿ ಇಲ್ಲ ಅಂದ್ರೆ 32 ಬೈಟ್‌ನ ಒಂದು ಪೂರ್ತಿ ಕ್ಯಾಶ್ ಲೈನ್ ಹೊರಗಿಂದ ಬರಬೇಕು. ಕ್ವಾಡ್ ರೀಡ್ ಕಮಾಂಡ್, ಹೆಕ್ಸ್‌ನಲ್ಲಿ ಇಬಿ, ಅದನ್ನ ಒಂದೇ ವೈರ್ ಮೇಲೆ ಕಳಿಸೋಕೆ 8 ಕ್ಲಾಕ್. 24 ಬಿಟ್ ಅಡ್ರೆಸ್ ನಾಲ್ಕು ವೈರ್ ಮೇಲೆ ಹೋಗತ್ತೆ, 6 ಕ್ಲಾಕ್. ಮೋಡ್ ಬಿಟ್‌ಗಳಿಗೆ 2. ಆಮೇಲೆ ಡಮ್ಮಿ 4, ಈ ಡಮ್ಮಿ ಅನ್ನೋದೇ ಫ್ಲಾಶ್ ಒಳಗೆ ಸೆನ್ಸ್ ಆಂಪ್ಲಿಫೈಯರ್‌ಗೆ ಉಸಿರಾಡೋಕೆ ಕೊಡೋ ಟೈಮು, ಅಂದ್ರೆ ವೇಷ ಬದಲಿಸ್ಕೊಂಡು ಬಂದಿರೋ ವೇಟ್ ಸ್ಟೇಟು. ಒಟ್ಟು 20 ಕ್ಲಾಕ್ ಆಯ್ತು, ಇನ್ನೂ ಒಂದು ಬೈಟ್ ಡೇಟಾನೂ ಕೈಗೆ ಬಂದಿಲ್ಲ! ಆಮೇಲೆ 32 ಬೈಟ್‌ಗೆ 64 ಕ್ಲಾಕ್. ಎಲ್ಲಾ ಸೇರಿ 84. ನೀವು ಈಗ ಇಟ್ಟಿರೋ 60 ಮೆಗಾಹರ್ಟ್ಸ್‌ನಲ್ಲಿ ಇದು 1.4 ಮೈಕ್ರೋಸೆಕೆಂಡ್, ಅಂದ್ರೆ 600 ಮೆಗಾಹರ್ಟ್ಸ್ ಸಿಪಿಯು 840 ಸೈಕಲ್ ಕೈ ಕಟ್ಕೊಂಡು ಕೂರತ್ತೆ. ಇದೇ 32 ಬೈಟ್ ಹಳೇ ಚಿಪ್‌ನಲ್ಲಿ ಎರಡು ಓದು, 72 ನ್ಯಾನೋಸೆಕೆಂಡ್. ಸುಮಾರು ಇಪ್ಪತ್ತು ಪಟ್ಟು ವ್ಯತ್ಯಾಸ.

ಈಗ ನಿಮ್ಮ 11 ಎಲ್ಲಿಂದ ಬಂತು ನೋಡಿ. 2 ಮೈಕ್ರೋಸೆಕೆಂಡ್ ಅನ್ನೋದು ಇಂಟರಪ್ಟ್ ಕೋಡ್ ಪೂರ್ತಿ ಕ್ಯಾಶ್‌ನಲ್ಲಿ ಇದ್ದಾಗಿನ ಟೈಮು. ಉಳಿದ 9 ಅಂದ್ರೆ 1.4ರ ಲೆಕ್ಕದಲ್ಲಿ ಆರು ಚಿಲ್ಲರೆ ಕ್ಯಾಶ್ ಲೈನ್, 200 ಬೈಟ್ ಕೋಡ್ ಇರಬಹುದು. ಆಗಾಗ ಮಾತ್ರ ಯಾಕೆ ಅಂದ್ರೆ, ಇನ್‌ಸ್ಟ್ರಕ್ಷನ್ ಕ್ಯಾಶ್ ಇರೋದು 32 ಕೆಬಿ, ನಿಮ್ಮ ಮೇನ್ ಲೂಪ್‌ನಲ್ಲಿ ಕಮ್ಯುನಿಕೇಷನ್ ಸ್ಟಾಕೋ ಡಿಸ್‌ಪ್ಲೇ ಕೋಡೋ ಯಾವುದಾದ್ರೂ ದಪ್ಪದ್ದು ಓಡಿದಾಗ ಅದು ಇಂಟರಪ್ಟ್‌ನ ಲೈನ್‌ಗಳನ್ನ ಹೊರಗೆ ದಬ್ಬತ್ತೆ, ಮುಂದಿನ ಇಂಟರಪ್ಟ್ ಬಂದಾಗ ಎಲ್ಲಾ ಮತ್ತೆ ಫ್ಲಾಶ್‌ನಿಂದ ಬರಬೇಕು. ನಂಬಿಕೆ ಬರ್ಲಿಲ್ಲ ಅಂದ್ರೆ ಆ ದಪ್ಪ ಟಾಸ್ಕನ್ನ ತಾತ್ಕಾಲಿಕವಾಗಿ ನಿಲ್ಸಿ ನೋಡಿ, 11 ಮಾಯ ಆದ್ರೆ ಕಳ್ಳ ಸಿಕ್ಕ ಹಾಗೆ. ಟೈಮ್ ಅಳೆಯೋಕೆ ಕಾರ್ಟೆಕ್ಸ್-ಎಂ7 ಒಳಗೇ ಸೈಕಲ್ ಕೌಂಟರ್ ಇದೆ, ಇಂಟರಪ್ಟ್ ಶುರುನಲ್ಲಿ ಕೊನೇಲಿ ಅದನ್ನ ಓದಿ ಅತಿ ಹೆಚ್ಚು ಬಂದ ವ್ಯತ್ಯಾಸ ಮಾತ್ರ ಇಟ್ಕೊಳ್ಳಿ, ಸರಾಸರಿ ನೋಡಬೇಡಿ. ಸರಾಸರಿ ಯಾವಾಗ್ಲೂ ಚೆನ್ನಾಗೇ ಕಾಣತ್ತೆ, ಮೋಟಾರ್ ಕಿರುಚೋದು ಆ ಒಂದು ಕೆಟ್ಟ ಸಲಕ್ಕೆ.

ಈಗ ನಿಮ್ಮ ಸಹೋದ್ಯೋಗಿಗಳ ಸಲಹೆ.

ವೇಟ್ ಸ್ಟೇಟ್ ಸೊನ್ನೆ ಮಾಡು ಅನ್ನೋದು ನಿಮ್ಮ ಬೋರ್ಡ್‌ಗೆ ಅನ್ವಯಿಸೋದೇ ಇಲ್ಲ, ಸೀರಿಯಲ್ ಫ್ಲಾಶ್‌ಗೆ ಆ ರಿಜಿಸ್ಟರ್ ಎಲ್ಲಿಂದ ಬರಬೇಕು. ಹಳೇ ಚಿಪ್‌ನಲ್ಲಾದ್ರೂ ಅದು ವೇಗ ಕೊಡೋ ಸ್ವಿಚ್ ಅಲ್ಲ, ಫ್ಲಾಶ್ ಉತ್ತರ ರೆಡಿ ಮಾಡೋ ಮುಂಚೆ ಕಿತ್ಕೊಳ್ಳೋ ಕೆಲಸ, ಸಿಕ್ಕಿದ್ದು ಸರಿ ಇದ್ರೆ ಅದೃಷ್ಟ. ಮೇಜಿನ ಮೇಲೆ ತಣ್ಣಗಿರೋವಾಗ ಒಂದು ವೇಟ್ ಸ್ಟೇಟ್ ಕಮ್ಮಿ ಇಟ್ರೂ ಓಡಿಬಿಡತ್ತೆ, ಅದೇ ದೊಡ್ಡ ಮೋಸ, ಬಿಸಿ ಏರಿದಾಗ ಇಲ್ಲಾ ವೋಲ್ಟೇಜ್ ಇಳಿದಾಗ ಯಾವುದೋ ಒಂದು ಇನ್‌ಸ್ಟ್ರಕ್ಷನ್ ಬದಲು ಇನ್ನೊಂದು ಓದತ್ತೆ. ಅದೇ ಎಫ್407ಗೆ 2.4ರಿಂದ 2.7 ವೋಲ್ಟ್ ಕೊಟ್ರೆ ಪ್ರತಿ ಮೆಟ್ಟಿಲು 30 ಅಲ್ಲ, 24 ಮೆಗಾಹರ್ಟ್ಸ್, ಇದನ್ನ ಎಷ್ಟೋ ಜನ ನೋಡೇ ಇರಲ್ಲ. ಹಾಗೇ ಕ್ಲಾಕ್ ಏರಿಸೋವಾಗ ಮೊದಲು ವೇಟ್ ಸ್ಟೇಟ್ ಜಾಸ್ತಿ ಮಾಡಿ, ರಿಜಿಸ್ಟರ್ ವಾಪಸ್ ಓದಿ ಖಾತ್ರಿ ಮಾಡ್ಕೊಂಡು ಆಮೇಲೆ ಕ್ಲಾಕ್ ಬದಲಿಸಬೇಕು, ಇಳಿಸೋವಾಗ ಮೊದಲು ಕ್ಲಾಕ್ ಆಮೇಲೆ ವೇಟ್ ಸ್ಟೇಟ್. ಉಲ್ಟಾ ಮಾಡಿದ್ರೆ ನಡುವೆ ಒಂದೆರಡು ಓದು ತಪ್ಪಿ ಕೋಡ್ ಅಲ್ಲೇ ಸಾಯತ್ತೆ.

ಕ್ಯಾಶ್ ಆಫ್ ಮಾಡಿದ್ರೆ ಜಿಟ್ಟರ್ ಹೋಗತ್ತೆ ಅನ್ನೋದ್ರಲ್ಲಿ ಅರ್ಧ ಸತ್ಯ ಇದೆ. ಹೋಗತ್ತೆ, ಯಾಕಂದ್ರೆ ಪ್ರತಿ ಸಲಾನೂ ಕೆಟ್ಟ ಸಲವೇ ಆಗತ್ತೆ. ಸಿಪಿಯು ಒಂದು ಸಲಕ್ಕೆ 8 ಬೈಟ್ ಕೇಳತ್ತೆ ಅಂದ್ಕೊಳ್ಳಿ, 20 ಕ್ಲಾಕ್ ಮುನ್ನುಡಿ ಪ್ಲಸ್ 16 ಕ್ಲಾಕ್ ಡೇಟಾ, 60 ಮೆಗಾಹರ್ಟ್ಸ್‌ನಲ್ಲಿ 0.6 ಮೈಕ್ರೋಸೆಕೆಂಡ್, ಅದೂ ಎರಡರಿಂದ ನಾಲ್ಕು ಇನ್‌ಸ್ಟ್ರಕ್ಷನ್‌ಗೆ. ಸಾಲಾಗಿ ಓಡೋ ಕೋಡ್‌ಗೆ ಫ್ಲೆಕ್ಸ್‌ಎಸ್‌ಪಿಐ (ನಿಮ್ಮ ಚಿಪ್‌ನ ಫ್ಲಾಶ್ ಕಂಟ್ರೋಲರ್) ಒಳಗಿರೋ ಪ್ರಿಫೆಚ್ ಬಫರ್ ಸ್ವಲ್ಪ ಕಾಪಾಡತ್ತೆ, ಆದ್ರೆ ಒಂದು ಇಫ್ ಬಂದು ಆಚೆ ಹಾರಿದ್ರೆ ಮತ್ತೆ ಮೊದಲಿಂದ. ಹಲ್ಲು ನೋವು ಅಂತ ದವಡೆ ಕಿತ್ತಂಗೆ ಆಗತ್ತೆ, ಬೇಡ.

ಆಕ್ಟಲ್ ಫ್ಲಾಶ್ ವಿಷಯ ಸ್ವಲ್ಪ ನಿಂತು ನೋಡೋಣ, ಯಾಕಂದ್ರೆ ಇಲ್ಲೇ ಜನ ದುಡ್ಡು ಸುರಿದು ಆಮೇಲೆ ಪೆಚ್ಚಾಗೋದು. ಎಂಟು ಡೇಟಾ ಲೈನ್, ಕ್ಲಾಕ್‌ನ ಎರಡೂ ಅಂಚಿಗೆ ಡೇಟಾ, 200 ಮೆಗಾಹರ್ಟ್ಸ್, ಅಂದ್ರೆ ಸೆಕೆಂಡಿಗೆ 400 ಎಂಬಿ. ಕ್ವಾಡ್ 133ರಲ್ಲಿ 66 ಎಂಬಿ. ಆರು ಪಟ್ಟು! ಆದ್ರೆ ಒಂದು ಕ್ಯಾಶ್ ಲೈನ್‌ಗೆ ಲೆಕ್ಕ ಹಾಕಿ. ಕಮಾಂಡ್‌ಗೆ 1 ಕ್ಲಾಕ್, ಅಡ್ರೆಸ್‌ಗೆ 2, ಡಮ್ಮಿ ಈ ವೇಗದಲ್ಲಿ 20ರ ಆಸುಪಾಸು, ಡೇಟಾಗೆ 16, ಒಟ್ಟು 39 ಕ್ಲಾಕ್, ಒಂದೊಂದು 5 ನ್ಯಾನೋಸೆಕೆಂಡ್, ಸುಮಾರು 195. ಕ್ವಾಡ್ 133ರಲ್ಲಿ ಅದೇ ಲೈನ್ 630. ಮೂರು ಪಟ್ಟು ಲಾಭ ಇದೆ, ಸುಳ್ಳಲ್ಲ. ಆದ್ರೆ ಎಲ್ಲಿ ಉಳೀತು ನೋಡಿ: ಡೇಟಾ ಸಾಗೋ ಟೈಮ್ 480ರಿಂದ 80ಕ್ಕೆ ಇಳೀತು, ಮೊದಲ ಬೈಟ್ ಬರೋಕೆ ಕಾಯೋ ಟೈಮ್ 150ರಿಂದ 115ಕ್ಕೆ ಮಾತ್ರ. ಡಮ್ಮಿ 4 ಇದ್ದಿದ್ದು 20 ಆಯ್ತಲ್ಲ, ಅದು ಆ ಸೆಲ್‌ಗಳು ಇನ್ನೂ ಅದೇ ಮಂದಗತಿ ಅಂತ ಒಪ್ಕೊಂಡ ಹಾಗೆ. ಪೈಪ್ ಎಷ್ಟೇ ದಪ್ಪ ಹಾಕಿದ್ರೂ ಮೊದಲ ಹನಿ ಬರೋಕೆ ಪಂಪ್ ತಗೊಳ್ಳೋ ಟೈಮ್ ತಗೊಳ್ಳತ್ತೆ. ಡಬ್ಬದ ಮೇಲೆ ಬರೆದಿರೋ ಮೆಗಾಹರ್ಟ್ಸ್ ಪೈಪ್‌ದು, ನಿಮ್ಮ ಇಂಟರಪ್ಟ್ ಕಾಯ್ತಿರೋದು ಮೊದಲ ಹನಿಗೆ. ಇಡೀ ಅಪ್ಲಿಕೇಷನ್ ದೊಡ್ಡದಿದ್ದು ಕ್ಯಾಶ್‌ನಲ್ಲಿ ನಿಲ್ಲಲ್ಲ, ಗ್ರಾಫಿಕ್ಸ್ ಇದೆ ಅಂದ್ರೆ ಆಕ್ಟಲ್ ಒಳ್ಳೇದು. 2 ಮೈಕ್ರೋಸೆಕೆಂಡ್‌ನ ಒಂದು ಇಂಟರಪ್ಟ್ ಉಳಿಸೋಕೆ ಬೋರ್ಡ್ ಬದಲಾಯಿಸಿ, ಎಷ್ಟೋ ಆಕ್ಟಲ್ ಪಾರ್ಟ್ 1.8 ವೋಲ್ಟ್‌ನವು ಅಂತ ಪವರ್ ಲೈನ್ ಬದಲಾಯಿಸಿ, ಅಡೀಲಿ ಬೆಸುಗೆ ಗುಂಡು ಇರೋ ಬಿಜಿಎ ಚಿಪ್ ಕೂರಿಸಿ, ಇದೆಲ್ಲಾ ಮೂಗಿಗಿಂತ ಮೂಗುತಿ ಭಾರ. ಮತ್ತೆ ನಿಮ್ಮ ಕಂಟ್ರೋಲರ್‌ಗೆ ಅದರದ್ದೇ ಮಿತಿ ಇದೆ, ಫ್ಲಾಶ್ 200 ಅಂದ ಮಾತ್ರಕ್ಕೆ ನಿಮಗೆ 200 ಸಿಗತ್ತೆ ಅಂತಲ್ಲ.

ಹಾಗಾದ್ರೆ ರ‍್ಯಾಮ್‌ಗೆ ಕಾಪಿ. ನಿಮ್ಮ ಮ್ಯಾನೇಜರ್‌ಗೆ ಹೇಳಿ, ಇದು ತೇಪೆ ಅಲ್ಲ, ಹಳೇ ಪಿಸಿಗಳಲ್ಲಿ ಬಯೋಸ್ ರೋಮ್ ನಿಧಾನ ಅಂತ ಬೂಟ್ ಆಗ್ತಿದ್ದಂಗೆ ಅದನ್ನ ರ‍್ಯಾಮ್‌ಗೆ ಕಾಪಿ ಮಾಡಿ ಅಲ್ಲಿಂದ ಓಡಿಸೋ ಶ್ಯಾಡೋ ಅನ್ನೋ ಆಪ್ಷನ್ನೇ ಇತ್ತು. ಅಷ್ಟೇ ಯಾಕೆ, ಶುರುನಲ್ಲೇ ವ್ಯಾಲ್ಯೂ ಕೊಟ್ಟಿರೋ ಗ್ಲೋಬಲ್ ವೇರಿಯಬಲ್‌ಗಳನ್ನ ನಿಮ್ಮ ಸ್ಟಾರ್ಟಪ್ ಕೋಡ್ ದಿನಾ ಬೂಟ್‌ನಲ್ಲಿ ಫ್ಲಾಶ್‌ನಿಂದ ರ‍್ಯಾಮ್‌ಗೆ ಕಾಪಿ ಮಾಡ್ತಾನೇ ಇದೆ, ಅದೇ ಸಾಲಿಗೆ ಇನ್ನೊಂದು ಸೆಕ್ಷನ್ ಸೇರಿಸ್ತಿದೀವಿ ಅಷ್ಟೇ. ನಿಮ್ಮ ಚಿಪ್‌ನಲ್ಲಿ ಐಟಿಸಿಎಂ ಅಂತ ಸಿಪಿಯುಗೆ ಅಂಟ್ಕೊಂಡೇ ಇರೋ ರ‍್ಯಾಮ್ ಇದೆ, ಸಿಪಿಯು ವೇಗದಲ್ಲೇ ಉತ್ತರ ಕೊಡತ್ತೆ, ಕ್ಯಾಶ್ ಮಧ್ಯೆ ಬರೋದೇ ಇಲ್ಲ. ಇಂಟರಪ್ಟ್ ಫಂಕ್ಷನ್‌ಗೆ ಸೆಕ್ಷನ್ ಆಟ್ರಿಬ್ಯೂಟ್ ಹಾಕಿ, ಲಿಂಕರ್ ಸ್ಕ್ರಿಪ್ಟ್‌ನಲ್ಲಿ ಇರೋ ಜಾಗ ಫ್ಲಾಶ್, ಓಡೋ ಜಾಗ ಐಟಿಸಿಎಂ ಅಂತ ಕೊಡಿ. 64 ಕೆಬಿ ಕಾಪಿ ಆದ್ರೂ ಈಗಿನ 60 ಮೆಗಾಹರ್ಟ್ಸ್‌ನಲ್ಲೇ ಎರಡು ಚಿಲ್ಲರೆ ಮಿಲಿಸೆಕೆಂಡ್, ಯಾರಿಗೂ ಗೊತ್ತೂ ಆಗಲ್ಲ. ಇಲ್ಲಿ ಫ್ಲಾಶ್‌ಗೆ ಇಷ್ಟವಾದ ಕೆಲಸ ಕೊಡ್ತಿದೀವಿ, ಒಂದು ಅಡ್ರೆಸ್ ಹೇಳಿ ಸಾಲಾಗಿ ಸುರಿಸ್ಕೊಳ್ಳೋದು, 20 ಕ್ಲಾಕ್ ಮುನ್ನುಡಿ ಒಂದೇ ಸಲ.

ಆದ್ರೆ ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದೀನಿ. ಒಂದು ಪ್ರಾಜೆಕ್ಟ್‌ನಲ್ಲಿ ಹೀಗೇ ಇಂಟರಪ್ಟ್ ಪೂರ್ತಿ ರ‍್ಯಾಮ್‌ಗೆ ಹಾಕಿದೆ, ಮ್ಯಾಪ್ ಫೈಲ್‌ನಲ್ಲಿ ಅಡ್ರೆಸ್ ಸರಿ ಇತ್ತು, ಆದ್ರೂ ಸ್ಕೋಪ್‌ನಲ್ಲಿ ಪಿನ್ ಆಗಾಗ ಉದ್ದ ಪಲ್ಸ್ ತೋರಿಸ್ತಿತ್ತು. ಎರಡು ದಿನ ಹಾರ್ಡ್‌ವೇರ್ ಬೈಕೊಂಡು ಕೂತಿದ್ದೆ. ಕೊನೆಗೆ ಡಿಸ್‌ಅಸೆಂಬ್ಲಿ ಸಾಲು ಸಾಲಾಗಿ ಓದಿದಾಗ ಸಿಕ್ತು: ಕೋಡ್‌ನಲ್ಲಿ ಒಂದು ಸ್ಟ್ರಕ್ಟನ್ನ ಇನ್ನೊಂದಕ್ಕೆ ಈಕ್ವಲ್ ಟು ಹಾಕಿ ಕಾಪಿ ಮಾಡಿದ್ದೆ, ಕಂಪೈಲರ್ ಆ ಜಾಗದಲ್ಲಿ ಸದ್ದಿಲ್ಲದೆ ಮೆಮ್‌ಕಾಪಿಗೆ ಕಾಲ್ ಹಾಕಿತ್ತು, ಆ ಮೆಮ್‌ಕಾಪಿ ಲೈಬ್ರರಿ ಜೊತೆ ಫ್ಲಾಶ್‌ನಲ್ಲೇ ಕೂತಿತ್ತು. ನಾನು ಬರೆಯದೇ ಇರೋ ಒಂದು ಫಂಕ್ಷನ್! ಹಾಗಾಗಿ ಫಂಕ್ಷನ್ ಒಂದನ್ನ ಸಾಗಿಸಿದ್ರೆ ಸಾಲಲ್ಲ, ಅದು ಮುಟ್ಟೋದೆಲ್ಲಾ ಸಾಗಿಸಬೇಕು. ಸೈನ್ ಟೇಬಲ್ ಕಾನ್ಸ್ಟ್ ಅಂತ ಬರೆದಿದ್ರೆ ಅದು ಫ್ಲಾಶ್‌ನಲ್ಲಿರತ್ತೆ, ಡೇಟಾ ಕ್ಯಾಶ್ ಮಿಸ್ ಆದ್ರೆ ಅದೇ 1.4 ಮೈಕ್ರೋಸೆಕೆಂಡ್. ದೊಡ್ಡ ಸ್ವಿಚ್ ಇದ್ರೆ ಅದರ ಜಂಪ್ ಟೇಬಲ್ ಎಲ್ಲಿದೆ ನೋಡಿ. ಮ್ಯಾಥ್ ಲೈಬ್ರರಿ ಕಾಲ್‌ಗಳು, 64 ಬಿಟ್ ಭಾಗಾಕಾರ, ಇವೂ ಲೈಬ್ರರಿ ಫಂಕ್ಷನ್. ವೆಕ್ಟರ್ ಟೇಬಲ್ ಕೂಡ ರ‍್ಯಾಮ್‌ಗೆ ಬರಬೇಕು, ಇಲ್ಲಾಂದ್ರೆ ಇಂಟರಪ್ಟ್ ಎಲ್ಲಿಗೆ ಹಾರಬೇಕು ಅಂತ ಕೇಳೋಕೇ ಫ್ಲಾಶ್‌ಗೆ ಹೋಗತ್ತೆ. ಸ್ಟಾಕ್ ಡಿಟಿಸಿಎಂನಲ್ಲಿ, ಅಂದ್ರೆ ಡೇಟಾಗೆ ಅಂತ ಇರೋ ಅಂಥದ್ದೇ ರ‍್ಯಾಮ್‌ನಲ್ಲಿ, ಇರಲಿ. ಇದನ್ನೆಲ್ಲಾ ಮಾಡಿದ್ಮೇಲೆ ಡಿಸ್‌ಅಸೆಂಬ್ಲಿನಲ್ಲಿ ಐಟಿಸಿಎಂ ಬಿಟ್ಟು ಆಚೆ ಹೋಗೋ ಯಾವ ಬ್ರಾಂಚೂ ಇಲ್ಲ ಅಂತ ಕಣ್ಣಾರೆ ನೋಡಿ, ಊಹೆ ಮಾಡಬೇಡಿ.

ಇನ್ನು ಎರಡನೇ ಕಾಯಿಲೆ, 133ರಲ್ಲಿ ಹಾರ್ಡ್ ಫಾಲ್ಟ್. 60ರಲ್ಲಿ ಸರಿ ಅಂದ್ರಲ್ಲ, ಆ 60 ಅನ್ನೋ ನಂಬರ್ ನೋಡಿದ ಕೂಡ್ಲೇ ನನಗೆ ಅನುಮಾನ ಬಂತು. ಫ್ಲಾಶ್ ಡೇಟಾ ಹೊರಗೆ ಹಾಕೋಕೆ ಕ್ಲಾಕ್ ಅಂಚಿನ ನಂತರ ಆರೇಳು ನ್ಯಾನೋಸೆಕೆಂಡ್ ತಗೊಳ್ಳತ್ತೆ, ಕ್ಲಾಕ್ ಹೋಗೋಕೆ ಡೇಟಾ ವಾಪಸ್ ಬರೋಕೆ ಪ್ಯಾಡ್ ಮತ್ತು ಟ್ರೇಸ್ ಸೇರಿ ಇನ್ನೊಂದಿಷ್ಟು. 133 ಮೆಗಾಹರ್ಟ್ಸ್‌ನ ಒಂದು ಕ್ಲಾಕ್ ಇರೋದೇ 7.5 ನ್ಯಾನೋಸೆಕೆಂಡ್. ಕಂಟ್ರೋಲರ್ ತನ್ನ ಒಳಗಿನ ಕ್ಲಾಕ್ ಹಿಡ್ಕೊಂಡು ಸ್ಯಾಂಪಲ್ ಮಾಡಿದ್ರೆ ಡೇಟಾ ಇನ್ನೂ ದಾರೀಲಿರತ್ತೆ. ಅದಕ್ಕೇ ನಿಮ್ಮ ಚಿಪ್‌ನಲ್ಲಿ ಸ್ಯಾಂಪಲ್ ಕ್ಲಾಕ್ ಎಲ್ಲಿಂದ ತಗೋಬೇಕು ಅಂತ ಆಯ್ಕೆ ಇದೆ. ಒಳಗಿಂದಾನೇ ಸುತ್ತಿಸ್ಕೊಂಡ್ರೆ 60 ಮೆಗಾಹರ್ಟ್ಸ್‌ವರೆಗೆ, ಡಿಕ್ಯೂಎಸ್ ಅನ್ನೋ ಪಿನ್‌ನ ಪ್ಯಾಡ್‌ವರೆಗೆ ಹೋಗಿ ವಾಪಸ್ ಬರೋ ಹಾಗೆ ಮಾಡಿದ್ರೆ 133ರವರೆಗೆ, ಯಾಕಂದ್ರೆ ಆಗ ಸ್ಯಾಂಪಲ್ ಕ್ಲಾಕ್ ಕೂಡ ಡೇಟಾ ಥರಾನೇ ಪ್ಯಾಡ್‌ನ ತಡ ಅನುಭವಿಸ್ಕೊಂಡು ಬರತ್ತೆ. ಈ ಸೆಟ್ಟಿಂಗ್ ಫ್ಲಾಶ್ ಶುರುನಲ್ಲಿರೋ ಕಾನ್ಫಿಗರೇಷನ್ ಬ್ಲಾಕ್‌ನಲ್ಲಿ ಇರತ್ತೆ, ಮತ್ತೆ ಬೋರ್ಡ್ ಮೇಲೆ ಆ ಡಿಕ್ಯೂಎಸ್ ಪಿನ್ ಬೇರೆ ಯಾವುದಕ್ಕೂ ಹೋಗಿರಬಾರದು, ಖಾಲಿ ಬಿಟ್ಟಿರಬೇಕು. ಯಾರಾದ್ರೂ ಪಿನ್ ಸಾಲಲಿಲ್ಲ ಅಂತ ಅದಕ್ಕೆ ಎಲ್‌ಇಡಿ ಹಾಕಿದಾರಾ ಅಂತ ಸ್ಕೀಮ್ಯಾಟಿಕ್ ತೆಗೆದು ನೋಡಿ, ನಗಬೇಡಿ, ನಾನು ನೋಡಿದೀನಿ. ಇದರ ಜೊತೆ ಡಮ್ಮಿ ಸೈಕಲ್ ನಿಮ್ಮ ಪಾರ್ಟ್‌ಗೆ ಆ ವೇಗದಲ್ಲಿ ಎಷ್ಟು ಬೇಕು ಅಂತ ಡೇಟಾಶೀಟ್ ಟೇಬಲ್ ನೋಡಿ, ಕೆಲವು ಪಾರ್ಟ್‌ಗಳಲ್ಲಿ ಅದು ರಿಜಿಸ್ಟರ್‌ನಲ್ಲಿ ಬದಲಾಯಿಸಬೇಕಾದ್ದು, ಫ್ಯಾಕ್ಟರಿಯಿಂದ ಬರೋ ವ್ಯಾಲ್ಯೂ ಪೂರ್ತಿ ವೇಗಕ್ಕೆ ಸಾಲಲ್ಲ. ಮತ್ತೆ 133 ಅನ್ನೋದು ಎಲ್ಲಾ ಕಮಾಂಡ್‌ಗೂ ಅಲ್ಲ, ನಾನು ಲೆಕ್ಕಕ್ಕೆ ತಗೊಂಡ ಡಬ್ಲ್ಯೂ25ಕ್ಯೂ128ಜೆವಿನಲ್ಲಿ ಹಳೇ 03 ರೀಡ್ ಕಮಾಂಡ್‌ಗೆ ಡಮ್ಮಿನೇ ಇಲ್ಲ, ಹಾಗಾಗಿ ಅದರ ಮಿತಿ 50 ಮೆಗಾಹರ್ಟ್ಸ್.

133 ಸರಿ ಹೋಯ್ತು ಅನ್ಸಿದ ಮೇಲೆ ಬೂಟ್ ಆಯ್ತಲ್ಲ ಅಂತ ಬಿಡಬೇಡಿ. 00, ಎಫ್‌ಎಫ್, ಎಎ, 55 ಅದಲು ಬದಲಾಗಿ ಬರೋ ಕೆಲವು ನೂರು ಕೆಬಿ ಪ್ಯಾಟರ್ನ್ ಫ್ಲಾಶ್‌ಗೆ ಬರೆದು, ರ‍್ಯಾಮ್‌ನಿಂದ ಓಡೋ ಪುಟ್ಟ ಪ್ರೋಗ್ರಾಂ ಇಟ್ಟು, ಕ್ಯಾಶ್ ತಪ್ಪಿಸಿ ಅದನ್ನ ಗಂಟೆಗಟ್ಲೆ ಓದಿಸಿ ಸಿಆರ್‌ಸಿ (ಡೇಟಾ ಕೆಟ್ಟಿದೆಯಾ ಅಂತ ಹೇಳೋ ಚೆಕ್ ನಂಬರ್) ಹೋಲಿಸಿ, ಬೋರ್ಡ್ ಬಿಸಿ ಮಾಡಿ, ಸಪ್ಲೈ ಕೆಳಗಿನ ಮಿತಿಗೆ ಇಳಿಸಿ. ಒಂದೇ ಒಂದು ತಪ್ಪು ಬಂದ್ರೂ 100ಕ್ಕೆ ಇಳೀರಿ. ಇಂಟರಪ್ಟ್ ಈಗ ಐಟಿಸಿಎಂನಲ್ಲಿ ಇರೋದ್ರಿಂದ 133ಕ್ಕೂ 100ಕ್ಕೂ ನಿಮಗೆ ಪ್ರಾಣ ಹೋಗೋವಂಥ ವ್ಯತ್ಯಾಸ ಇಲ್ಲ. ನನ್ನ ಕೇಳಿದ್ರೆ ನಾನು 100ರಲ್ಲೇ ಬಿಡ್ತೀನಿ.

ಇಷ್ಟು ಮಾಡಿದ್ಮೇಲೆ ಯಾರೋ ಬಂದು ಕಂಟಿನ್ಯೂಯಸ್ ರೀಡ್ ಮೋಡ್ ಹಾಕು ಅಂತಾರೆ. ಮೋಡ್ ಬಿಟ್‌ಗಳಲ್ಲಿ ಒಂದು ಸಂಕೇತ ಕೊಟ್ರೆ ಮುಂದಿನ ಓದಿಗೆ ಕಮಾಂಡ್ ಕಳಿಸೋ 8 ಕ್ಲಾಕ್ ಉಳಿಯತ್ತೆ, 84 ಇದ್ದಿದ್ದು 76. ಹತ್ತು ಪರ್ಸೆಂಟ್ ಹತ್ರ ಲಾಭ. ಅಪಾಯ ಏನಂದ್ರೆ, ಕೋಡ್ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ವಾಚ್‌ಡಾಗ್ ಟೈಮರ್ ಸಿಪಿಯು ರೀಸೆಟ್ ಮಾಡತ್ತೆ, ಫ್ಲಾಶ್‌ಗೆ ಪವರ್ ಹೋಗಿರಲ್ಲ, ಅದು ಇನ್ನೂ ಕಮಾಂಡ್ ಇಲ್ಲದೆ ಅಡ್ರೆಸ್ ನಿರೀಕ್ಷೆ ಮಾಡ್ತಾ ಕೂತಿರತ್ತೆ, ಚಿಪ್ ಒಳಗಿನ ಬೂಟ್ ರೋಮ್ ಬಂದು ಮಾಮೂಲಿ ಕಮಾಂಡ್ ಕಳಿಸತ್ತೆ, ಇಬ್ಬರೂ ಬೇರೆ ಬೇರೆ ಭಾಷೆ ಮಾತಾಡ್ತಾರೆ, ಬೋರ್ಡ್ ಸತ್ತಂಗೆ ಬಿದ್ದಿರತ್ತೆ. ಪವರ್ ತೆಗೆದು ಹಾಕಿದ್ರೆ ಮಾತ್ರ ಎದ್ದು ಕೂರತ್ತೆ, ಅದಕ್ಕೇ ಇದು ಲ್ಯಾಬ್‌ನಲ್ಲಿ ಸಿಗೋದೇ ಇಲ್ಲ. 16 ಎಂಬಿಗಿಂತ ದೊಡ್ಡ ಫ್ಲಾಶ್‌ಗೆ ಹೋದಾಗ ನಾಲ್ಕು ಬೈಟ್ ಅಡ್ರೆಸ್ ಮೋಡ್‌ನಲ್ಲೂ ಇದೇ ಕಥೆ. ಫ್ಲಾಶ್‌ನ ರೀಸೆಟ್ ಪಿನ್ ಸಿಪಿಯು ರೀಸೆಟ್ ಜೊತೆ ಜೋಡಿಸಿದ್ರೆ ಪಾರು, ನಿಮ್ಮ ಬೋರ್ಡ್‌ನಲ್ಲಿ ಆ ಪಿನ್ ಜೋಡಿಸಿಲ್ಲ ಅಂದ್ರೆ ಆ 8 ಕ್ಲಾಕ್ ಆಸೆ ಬಿಟ್ಬಿಡಿ.

ಈಗ ಲಾಗ್. ನೀವು ಪ್ರಶ್ನೆ ಕೊನೇಲಿ ಹಗುರವಾಗಿ ಹೇಳಿದ್ರಿ, ನನಗೆ ಅತಿ ಹೆಚ್ಚು ಭಯ ಆಗಿದ್ದು ಇದಕ್ಕೇನೇ. ಫ್ಲಾಶ್ ಅಳಿಸೋವಾಗ ಇಲ್ಲಾ ಬರೆಯೋವಾಗ ಓದೋಕೆ ಸಿಗಲ್ಲ. ಜೆವಿನಲ್ಲಿ 4 ಕೆಬಿ ಸೆಕ್ಟರ್ ಅಳಿಸೋಕೆ ಸಾಮಾನ್ಯವಾಗಿ 45 ಮಿಲಿಸೆಕೆಂಡ್, ಕೆಟ್ಟ ಪಕ್ಷ 400. ಅಷ್ಟು ಹೊತ್ತು ಫ್ಲಾಶ್‌ನಲ್ಲಿರೋ ಒಂದು ಇನ್‌ಸ್ಟ್ರಕ್ಷನ್ ಸಿಪಿಯು ಕೇಳಿದ್ರೂ ಕಸ ಬರತ್ತೆ, ಸಿಪಿಯು ಅದನ್ನೇ ಇನ್‌ಸ್ಟ್ರಕ್ಷನ್ ಅಂತ ಓಡಿಸತ್ತೆ. ಮೋಟಾರ್ ತಿರುಗ್ತಾ ಇರೋವಾಗ! ಇಎಸ್‌ಪಿ32 ಚಿಪ್‌ನಲ್ಲಿ ಕೆಲಸ ಮಾಡಿದವರಿಗೆ ಅದರ ಒಳಗಿನ ಐರ‍್ಯಾಮ್‌ನಲ್ಲಿ ಇಡದ ಇಂಟರಪ್ಟ್ ಫ್ಲಾಶ್ ಬರೆಯೋವಾಗ ಬಂದ್ರೆ ಕ್ಯಾಶ್ ಡಿಸೇಬಲ್ ಅಂತ ಬೈದು ಬೀಳೋದು ಗೊತ್ತಿರತ್ತೆ, ಅಲ್ಲಿ ಕನಿಷ್ಠ ಬೈಗುಳ ಆದ್ರೂ ಬರತ್ತೆ. ನಿಮ್ಮ ಮುಂದೆ ಮೂರು ದಾರಿ. ಇಂಟರಪ್ಟ್‌ಗಳೆಲ್ಲಾ ಮತ್ತೆ ಅಳಿಸೋ ಕೋಡ್ ಪೂರ್ತಿ ರ‍್ಯಾಮ್‌ನಲ್ಲಿ, ಉಳಿದ ಅಪ್ಲಿಕೇಷನ್ ಆ 45ರಿಂದ 400 ಮಿಲಿಸೆಕೆಂಡ್ ಹೆಪ್ಪುಗಟ್ಟಿ ನಿಲ್ಲತ್ತೆ, ನಿಮ್ಮ ಕಮ್ಯುನಿಕೇಷನ್ ಟೈಮ್‌ಔಟ್ ಅದನ್ನ ತಡ್ಕೊಳ್ಳತ್ತಾ ನೋಡ್ಕೊಳ್ಳಿ. ಇಲ್ಲಾ ಎರೇಸ್ ಸಸ್ಪೆಂಡ್, ಅಂದ್ರೆ 75 ಕಮಾಂಡ್ ಕೊಟ್ರೆ 20 ಮೈಕ್ರೋಸೆಕೆಂಡ್‌ನೊಳಗೆ ನಿಲ್ಸಿ ಓದೋಕೆ ಬಿಡತ್ತೆ, 7ಎ ಕೊಟ್ರೆ ಮುಂದುವರೆಸತ್ತೆ, ಕಾಗದದ ಮೇಲೆ ಚಂದ, ಕೋಡ್ ಬರೆದು ಟೆಸ್ಟ್ ಮಾಡೋದು ನರಕ, ಪದೇ ಪದೇ ನಿಲ್ಸಿದ್ರೆ ಅಳಿಸೋದು ಮುಗಿಯೋದೇ ಇಲ್ಲ. ಮೂರನೇದು ಲಾಗ್‌ಗೆ ಬೇರೆ ಎಸ್‌ಪಿಐ ಬಸ್ ಮೇಲೆ ಎಂಟು ಕಾಲಿನ ಇನ್ನೊಂದು ಪುಟ್ಟ ಫ್ಲಾಶ್ ಇಲ್ಲಾ ಕರೆಂಟ್ ಹೋದ್ರೂ ಡೇಟಾ ಉಳಿಸ್ಕೊಳ್ಳೋ ಎಫ್‌ರ‍್ಯಾಮ್. ಬೋರ್ಡ್‌ನ ಮುಂದಿನ ರಿವಿಷನ್ ಹೇಗೂ ಬರತ್ತೆ ಅಂದ್ರೆ ಕಣ್ಮುಚ್ಚಿ ಇದನ್ನೇ ಮಾಡಿ, ಅಲ್ಲಿವರೆಗೆ ಲಾಗನ್ನ ರ‍್ಯಾಮ್‌ನಲ್ಲಿ ಕೂಡಿಟ್ಟು ಮೋಟಾರ್ ನಿಂತಾಗ ಬರೀರಿ.

ಕೊನೆಗೆ ಡಿಡಿಆರ್ ಪ್ರಶ್ನೆ. ಆಸೆ ಸಹಜ, ಪ್ರಯತ್ನಾನೂ ಆಗಿದೆ. ತೊಂದರೆ ಏನಂದ್ರೆ ಡಿಡಿಆರ್‌ನಲ್ಲಿ ತಾಳು ಅಂತ ಹೇಳೋ ವೈರೇ ಇಲ್ಲ. ಹಳೇ ಪ್ರೊಸೆಸರ್ ಬಸ್‌ಗಳಲ್ಲಿ ರೆಡಿ ಅಂತ ಒಂದು ಲೈನ್ ಇರ್ತಿತ್ತು, ಮೆಮೊರಿ ತನಗೆ ಆದಾಗ ಹೇಳ್ತಿತ್ತು. ಡಿಡಿಆರ್ ಕಂಟ್ರೋಲರ್ ರೋ ತೆರೆದಿದ್ರೆ ಹದಿನಾಲ್ಕು ಚಿಲ್ಲರೆ ನ್ಯಾನೋಸೆಕೆಂಡ್ ಆದ್ಮೇಲೆ ಸರಿಯಾಗಿ ಇಂಥ ಕ್ಲಾಕ್‌ಗೆ ಡೇಟಾ ಬಂದೇ ಬರತ್ತೆ ಅಂತ ಕೈ ಚಾಚತ್ತೆ, ನ್ಯಾಂಡ್ ಆಗ ಇನ್ನೂ ಪೇಜ್ ಹುಡುಕೋಕೆ ಶುರು ಮಾಡಿರತ್ತೆ ಅಷ್ಟೇ. ಅದಕ್ಕೇ ಎನ್‌ವಿಡಿಮ್-ಎನ್ ಥರದ ಮಾಡ್ಯೂಲ್‌ಗಳಲ್ಲಿ ಸಿಪಿಯು ಮಾತಾಡೋದು ಡಿರ‍್ಯಾಮ್ ಜೊತೆಗೇನೇ, ಫ್ಲಾಶ್ ಹಿಂದೆ ಕೂತಿರತ್ತೆ, ಕರೆಂಟ್ ಹೋದಾಗ ಸೂಪರ್ ಕೆಪಾಸಿಟರ್ ಬಲದಲ್ಲಿ ಡಿರ‍್ಯಾಮ್‌ನಲ್ಲಿದ್ದದ್ದನ್ನ ಇಳಿಸ್ಕೊಳ್ಳತ್ತೆ. ಉತ್ತರ ಯಾವಾಗ ಬರತ್ತೆ ಅಂತ ಗೊತ್ತಿಲ್ಲದ ಮೆಮೊರಿಗೂ ಜಾಗ ಇರೋ ಹಾಗೆ ಎನ್‌ವಿಡಿಮ್-ಪಿ ಅಂತ ಮೆಮೊರಿ ಸ್ಟ್ಯಾಂಡರ್ಡ್ ಮಾಡೋ ಜೆಡೆಕ್ ಸಂಸ್ಥೆ 2021ರಲ್ಲಿ ಸ್ಟ್ಯಾಂಡರ್ಡ್ ತಂತು, ಅದಕ್ಕೆ ಕಂಟ್ರೋಲರ್ ಕೂಡ ಆ ಭಾಷೆ ಕಲಿತಿರಬೇಕು. ನಿಮ್ಮ ಚಿಪ್‌ಗೆ ಡಿಡಿಆರ್ ಇಲ್ಲವೇ ಇಲ್ಲ, ಸಾಮಾನ್ಯ ಎಸ್‌ಡಿರ‍್ಯಾಮ್ ಹಾಕಬಹುದು, 2 ಎಂಬಿ ಫರ್ಮ್‌ವೇರ್ 133 ಕ್ವಾಡ್‌ನಲ್ಲಿ 32 ಮಿಲಿಸೆಕೆಂಡ್‌ಗೆ ಅಲ್ಲಿಗೆ ಸುರಿದು ಓಡಿಸಬಹುದು, ಆದ್ರೆ ನಿಮ್ಮ ಇಂಟರಪ್ಟ್‌ಗೆ ಅದೂ ದೂರವೇ, ಐಟಿಸಿಎಂ ಇರೋವಾಗ ಬೇಕಿಲ್ಲ.

ಮೊದಲು ಇಂಟರಪ್ಟನ್ನ ಅದರ ಬಾಲಂಗೋಚಿಗಳ ಸಮೇತ ಐಟಿಸಿಎಂಗೆ ಹಾಕಿ 60ರಲ್ಲೇ ಅಳೀರಿ, ಕ್ಲಾಕ್ ಆಮೇಲೆ ಮುಟ್ಟಿ. ಆಗ್ಲೂ 3 ಮೈಕ್ರೋಸೆಕೆಂಡ್ ದಾಟಿದ್ರೆ ಫ್ಲಾಶ್ ಪಾರ್ಟ್ ನಂಬರ್, ಮ್ಯಾಪ್ ಫೈಲ್, ಮತ್ತೆ ಇಂಟರಪ್ಟ್‌ನ ಡಿಸ್‌ಅಸೆಂಬ್ಲಿ ಮೂರೂ ಕಳಿಸಿ, ಯಾವ ಕಾಲ್ ಇನ್ನೂ ಫ್ಲಾಶ್ ಕಡೆ ಓಡ್ತಿದೆ ಅಂತ ನೋಡೋಣ.